ಶಿವಯೋಗಿ ಸಿದ್ಧರಾಮರೂ ಧ್ಯಾನದ ಮೊದಲ ಪಾಠವೂ

ಉಮರ್ಗಾಕ್ಕೆ ಪಶ್ಚಿಮದಲ್ಲಿ ಸೊಲ್ಲಾಪುರ, ಪೂರ್ವದಲ್ಲಿ ಬಸವಕಲ್ಯಾಣ. ಈ ಎರಡು ಪುಣ್ಯಕ್ಷೇತ್ರಗಳನ್ನು ತಮ್ಮ ಜೀವಿತದಿಂದ ಬೆಸೆದ ಮಹಾನುಭಾವರು ೧೨ನೆಯ ಶತಮಾನದ ಶ್ರೀ ಸಿದ್ಧರಾಮೇಶ್ವರರು.

ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಮುದ್ದುಗೌಡ-ಸುಗ್ಗಲೆಯರ ಮಗನಾಗಿ ಜನಿಸಿದ ಬಾಲಕನು ದನ ಕಾಯುತ್ತ ಮೌನಿಯಾಗಿದ್ದನು. ರಾಘವಾಂಕ ಕವಿಯು ಕಾವ್ಯದಲ್ಲಿ ವರ್ಣಿಸಿರುವಂತೆ, ಜಂಗಮರೂಪದಿಂದ ಬಂದ ಮಲ್ಲಯ್ಯನು ಉಣಿಸು ಬೇಡಿದನು. ಬಾಲಕನು ಮನೆಗೋಡಿ ಬುತ್ತಿ ತರುವಷ್ಟರಲ್ಲಿ ಅದೃಶ್ಯನಾದನು. ಆತನನ್ನು ಅರಸುತ್ತ, ಅಳುತ್ತ ಬಾಲಕನು ಶ್ರೀಶೈಲವನ್ನು ಸೇರಿ ದರ್ಶನ ಪಡೆದನು.

ಮರಳಿ ಬಂದು ಸಿದ್ಧರಾಮರು ಸೊನ್ನಲಿಗೆಯಲ್ಲಿ ದೇವಾಲಯ ಕಟ್ಟಿಸಿದರು, ೬೮ ಲಿಂಗಗಳನ್ನು ಸ್ಥಾಪಿಸಿದರು, ಕೆರೆ ತೋಡಿಸಿದರು. ಅವರ ಕೀರ್ತಿ ದೇಶವೆಲ್ಲ ಹರಡಿತು. ಆಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಅವರನ್ನು ಮಣ್ಣು ಹೊರುವ ಒಡ್ಡನೆಂದು ಕರೆದರೆಂದೂ, ಕೆರಳಿದ ಕೆಲಸಗಾರರು ಕಲ್ಲೆಸೆದರೆಂದೂ ಶೂನ್ಯಸಂಪಾದನೆ ತಿಳಿಸುತ್ತದೆ. ಪ್ರಭುಗಳು ಕೆರೆಯನ್ನು ಹಳಿದವರಲ್ಲ. ಕಟ್ಟಿದೆನೆಂಬ ಅಹಂಭಾವವನ್ನು ಹಳಿದರು. ಸಿದ್ಧರಾಮರು ಇದನ್ನರಿತು, ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಅಷ್ಟು ಜನಪೂಜಿತರಾದವರು, ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದು, ಮತ್ತೆ ಮೊದಲ ಪಾಠಕ್ಕೆ ಕುಳಿತರು.

ಆ ಪಾಠವು ಇಂದಿಗೂ ಕಠಿಣವಲ್ಲ. ಪ್ರಾತಃಕಾಲ ಮಿಂದು ಮಡಿಯಾಗಿ, ಬೆನ್ನು ನೆಟ್ಟಗಿರುವಂತೆ ಕುಳಿತುಕೊಳ್ಳಬೇಕು. ಎಡ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು, ಅದರಲ್ಲಿಯೇ ದೃಷ್ಟಿಯನ್ನು ನಿಲ್ಲಿಸಬೇಕು. ಉಸಿರನ್ನು ಬಲವಂತದಿಂದ ಬಿಗಿಹಿಡಿಯದೆ, ಅದರ ಸಹಜಗತಿಯೊಡನೆ ಪಂಚಾಕ್ಷರಿಯನ್ನು ಮನದಲ್ಲಿಯೇ ಜಪಿಸಬೇಕು. ಮನಸ್ಸು ಹೊಲ, ಮನೆ, ಸಾಲಗಳತ್ತ ಹರಿಯುವುದು ಸಹಜ. ಮೇವಿಗೆಳಸಿ ಬೇಲಿ ದಾಟಿದ ಹಸುವನ್ನು ಹೊಡೆಯದೆ ಮರಳಿಸುವ ಗೋವಳನಂತೆ ಅದನ್ನು ಹಿಂದಕ್ಕೆ ತರಬೇಕು. ಪ್ರಾರಂಭದಲ್ಲಿ ಹತ್ತು ನಿಮಿಷ ಸಾಕು. ಆದರೆ ಒಂದು ದಿನವೂ ತಪ್ಪಬಾರದು. ಲಿಂಗಧಾರಣೆ ಇಲ್ಲದವರು ದೀಪದ ಕುಡಿಯಲ್ಲಿಯೋ ಇಷ್ಟದೇವತೆಯ ಮೂರ್ತಿಯಲ್ಲಿಯೋ ದೃಷ್ಟಿಯನ್ನಿಡಬಹುದು.

ಅಲ್ಲಮಪ್ರಭುಗಳ ಹಾಗೂ ಚೆನ್ನಬಸವಣ್ಣನವರ ತರುವಾಯ ಶೂನ್ಯಪೀಠವನ್ನು ಅಲಂಕರಿಸಿದ ಸಿದ್ಧರಾಮರು, ಕೊನೆಗೆ ಸೊನ್ನಲಿಗೆಗೇ ಮರಳಿ ಸಮಾಧಿಸ್ಥರಾದರು. ಕೆರೆಯ ನಡುವಣ ಅವರ ದೇವಾಲಯದಲ್ಲಿ ಪ್ರತಿವರ್ಷ ಮಕರಸಂಕ್ರಮಣಕ್ಕೆ ಜಾತ್ರೆ ನೆರೆದು, ನಂದಿಧ್ವಜಗಳ ಮೆರವಣಿಗೆ ನಡೆಯುತ್ತದೆ.

ಗುಡಿಯ ಜೀರ್ಣೋದ್ಧಾರಕ್ಕೆ ಧನವನ್ನೂ ದುಡಿಮೆಯನ್ನೂ ಇತ್ತ ಭಕ್ತರು ಧನ್ಯರು. ದಾನಿಗಳ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟನೆಯದೆಂದು ನೋಡುವ ಮುನ್ನ, ಹೊಸ ಗರ್ಭಗುಡಿಯೆದುರು ಅವರು ಹತ್ತು ನಿಮಿಷ ಸುಮ್ಮನೆ ಕುಳಿತರೆ, ಸಿದ್ಧರಾಮರು ಕಲ್ಯಾಣಕ್ಕೆ ನಡೆದ ದಾರಿಯಲ್ಲಿ ಒಂದು ಹೆಜ್ಜೆಯನ್ನಿಟ್ಟಂತೆಯೇ ಸರಿ.