ಹೆಸರು ಬಂದ ಮೇಲೆ ಮತ್ತೆ ಪಾಠಕ್ಕೆ ಕೂತವರು

ನಮ್ಮೂರು ಬುಕ್ಕಾಪಟ್ಟಣ, ಸಿರಾ ತಾಲ್ಲೂಕು. ನಮ್ಮ ಕಡೆ ಕುರುಕ್ಷೇತ್ರ ನಾಟಕ ಇದೆ ಅಂದ್ರೆ ಬೆಳಗಿನ ಜಾವದ ತನಕ ಜನ ಏಳಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು, ಪಾತ್ರಧಾರಿ ಒಂದು ಪದ್ಯ ಎಳೆದು ಹಾಡಿದರೆ ಸಾಕು, ಒನ್ಸ್ ಮೋರ್ ಅಂತ ಕೂಗ್ತಾರೆ. ಉತ್ತರ ಕರ್ನಾಟಕದಲ್ಲಿ ಇಂಥದ್ದೇ ನಾಟಕದ ಸ್ಟೇಜಿನಿಂದ ಶುರು ಮಾಡಿ, ಅಪರೂಪದ ಹಳೇ ರಾಗಗಳಿಗೆ ಇಡೀ ಜೀವನ ಕೊಟ್ಟವರು ಮಲ್ಲಿಕಾರ್ಜುನ ಮನ್ಸೂರ.

ಅವರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಹತ್ತಿರದ ಮನ್ಸೂರು ಹಳ್ಳಿಯಲ್ಲಿ. ಅಣ್ಣ ಬಸವರಾಜ ಅವರಿಗೆ ನಾಟಕದ ನಂಟಿತ್ತು. ತಮ್ಮನೂ ಚಿಕ್ಕ ವಯಸ್ಸಿನಲ್ಲೇ ವಾಮನರಾವ್ ಮಾಸ್ತರರ ಕಂಪನಿ ಸೇರಿದರು. ಆಗಿನ ಕಂಪನಿ ನಾಟಕದಲ್ಲಿ ನಟನೆ ಎಷ್ಟು ಮುಖ್ಯವೋ ಹಾಡೂ ಅಷ್ಟೇ ಮುಖ್ಯ. ಹುಡುಗನ ಕಂಠ ಕೇಳಿದ ಪಿಟೀಲು ವಿದ್ವಾಂಸ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತ ಕಲಿಸಿದರು. ಆಮೇಲೆ ಮಿರಜಿನ ನೀಲಕಂಠಬುವಾ ಅವರ ಹತ್ತಿರ ಸುಮಾರು ಆರು ವರ್ಷ ಗ್ವಾಲಿಯರ್ ಘರಾನೆಯ ಪಾಠ ಆಯ್ತು.

1930ರ ದಶಕದಲ್ಲಿ ಎಚ್‌ಎಂವಿ ಕಂಪನಿಯಿಂದ ಅವರ ಗ್ರಾಮಫೋನ್ ರೆಕಾರ್ಡುಗಳು ಬಂದವು, ಹೆಸರೂ ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತೈದರ ಆಸುಪಾಸಿನಲ್ಲಿ ಅವರು ಮತ್ತೆ ವಿದ್ಯಾರ್ಥಿಯಾದರು. ಈ ಸಲದ ಗುರು ಜೈಪುರ್ ಘರಾನೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್.

ಈ ಘರಾನೆ ಹೆಸರುವಾಸಿಯಾಗಿದ್ದೇ ಅಪರೂಪದ ರಾಗಗಳಿಗೆ, ಅದರಲ್ಲೂ ಜೋಡು ರಾಗಗಳಿಗೆ. ಬಸಂತ್ ಮತ್ತು ಕೇದಾರ್ ಸೇರಿದರೆ ಬಸಂತಿ ಕೇದಾರ್. ಆದರೆ ಎರಡು ತುಂಡು ಅಂಟಿಸಿದ ಹಾಗೆ ಕೇಳಬಾರದು. ಯಾವ ಸ್ವರದಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ದಾಟಬೇಕು ಅನ್ನೋದೇ ಕಷ್ಟ. ಇದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ಗುರು ಎದುರಿಗೆ ಕೂತು ಹಾಡಬೇಕು, ಶಿಷ್ಯ ಹಿಡಿದುಕೊಳ್ಳಬೇಕು.

1937ರಲ್ಲಿ ಮಂಜಿ ಖಾನ್ ತೀರಿಕೊಂಡರು. ಪಾಠ ಅರ್ಧಕ್ಕೇ ನಿಂತಿತು. ಮನ್ಸೂರರು ಬಿಡಲಿಲ್ಲ, ಮಂಜಿ ಖಾನರ ತಮ್ಮ ಭುರ್ಜಿ ಖಾನರ ಶಿಷ್ಯರಾಗಿ ಕಲಿಕೆ ಮುಂದುವರಿಸಿದರು.

ಇಷ್ಟು ಕಲಿತ ಮೇಲೂ ದೊಡ್ಡ ಗೌರವಗಳು ಬೇಗ ಬರಲಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ ಕೆಲಸ ಮಾಡಿದರು, ಹಾಡುತ್ತಾ ಹೋದರು. ಪದ್ಮಶ್ರೀ ಬಂದಿದ್ದು 1970ರಲ್ಲಿ, ಹೆಚ್ಚುಕಡಿಮೆ ಅರವತ್ತನೇ ವಯಸ್ಸಿಗೆ. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅದೇ ವರ್ಷ ಸೆಪ್ಟೆಂಬರ್ 12ರಂದು ತೀರಿಕೊಂಡರು. ಹಿಂದೂಸ್ತಾನಿ ರಾಗಗಳಲ್ಲಿ ಶರಣರ ವಚನಗಳನ್ನೂ ಹಾಡಿದ್ದರಿಂದ, ಖಯಾಲ್ ಗೊತ್ತಿಲ್ಲದ ಕನ್ನಡದವರಿಗೂ ಅವರ ದನಿ ಗೊತ್ತಿದೆ. ತಮ್ಮ ಕಥೆಯನ್ನು ನನ್ನ ರಸಯಾತ್ರೆ ಅನ್ನೋ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಧಾರವಾಡದ ಅವರ ಮನೆ ಮೃತ್ಯುಂಜಯ ಈಗ ಸ್ಮಾರಕ.

ನಾವು ಒಂದು ಸಬ್ಜೆಕ್ಟ್ ಪಾಸಾದ ತಕ್ಷಣ ಆ ಪುಸ್ತಕ ಮುಚ್ಚಿಡ್ತೀವಿ. ಅವರು ಪಾಸಾದ ಮೇಲೆ ಮತ್ತೆ ಪುಸ್ತಕ ತೆಗೆದವರು. ಶಿವಮತ್ ಭೈರವ್, ಬಸಂತಿ ಕೇದಾರ್‌ನಂಥ ರಾಗಗಳು ನಮ್ಮ ಕಾಲದವರೆಗೂ ಬಂದಿದ್ರೆ ಅದರಲ್ಲಿ ಅವರ ಪಾಲು ದೊಡ್ಡದು. ಹಾಸ್ಟೆಲ್ಲಲ್ಲಿ ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಮೊದಲ ಸಲ ನಂಗೂ ಅರ್ಥ ಆಗಲಿಲ್ಲ. ಮೂರನೇ ಸಲಕ್ಕೆ ಬಸಂತ್ ಎಲ್ಲಿ ಮುಗಿದು ಕೇದಾರ್ ಎಲ್ಲಿ ಶುರುವಾಯ್ತು ಅಂತ ಹುಡುಕ್ತಾ ಇದ್ದೆ. ಇನ್ನೂ ಸರಿಯಾಗಿ ಸಿಕ್ಕಿಲ್ಲ.