ಲಟ್ಟುವಿನಿಂದ ಗೇಮ್ ರಿಮೋಟ್‌ವರೆಗೆ: ಲಿಯೊನ್ ಫೂಕೊ

ರಿಮೋಟನ್ನು ಬ್ಯಾಟಿನಂತೆ ಬೀಸಿದರೆ ಟಿವಿಯೊಳಗಿನ ಆಟಗಾರನೂ ಬ್ಯಾಟು ಬೀಸುವ ವಿಡಿಯೋ ಗೇಮ್ ನಮ್ಮ ಬ್ರೂಸ್‌ಪೇಟೆಯ ಹುಡುಗರಿಗೆ ಹೊಸದಲ್ಲ. ಕೈ ಎಷ್ಟು ತಿರುಗಿತು ಎಂದು ಆ ರಿಮೋಟಿಗೆ ಹೇಗೆ ತಿಳಿಯುತ್ತದೆ? ಕಾಮರ್ಸ್ ಓದುವ ನಾನು ಇದನ್ನು ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಲಿಯೊನ್ ಫೂಕೊ. ಅವರು ತೀರಿಹೋಗಿ 150 ವರ್ಷಗಳ ಮೇಲಾಯಿತು.

ಫೂಕೊ ಹುಟ್ಟಿದ್ದು 1819ರ ಸೆಪ್ಟೆಂಬರ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ಪುಸ್ತಕ ಪ್ರಕಾಶಕರು. ಆರೋಗ್ಯ ಸರಿಯಿಲ್ಲದ್ದರಿಂದ ಹೆಚ್ಚಿನ ಪಾಠ ಮನೆಯಲ್ಲೇ ಆಯಿತು. ಓದಿನಲ್ಲಿ ಮುಂದಿರಲಿಲ್ಲ, ಆದರೆ ಯಂತ್ರದ ಆಟಿಕೆ ಮಾಡುವುದರಲ್ಲಿ ಕೈ ಚುರುಕು. ಡಾಕ್ಟರಾಗಲು ವೈದ್ಯಕೀಯ ಸೇರಿದರು. ರಕ್ತ ನೋಡಲಾಗದೆ ಅದನ್ನು ಬಿಟ್ಟರು. ಮಗ ಡಾಕ್ಟರಾಗಲಿ ಎಂಬ ಆಸೆ ನಮ್ಮ ಮನೆಗಳಲ್ಲೂ ಉಂಟಲ್ಲ, ಆ ಓದು ಅರ್ಧಕ್ಕೆ ನಿಂತರೆ ಮನೆಯ ವಾತಾವರಣ ಹೇಗಿರುತ್ತದೆಂದು ನಾವು ಊಹಿಸಬಹುದು. ಫೂಕೊ ಸುಮ್ಮನೆ ಕೂರಲಿಲ್ಲ. ಪತ್ರಿಕೆಗೆ ವಿಜ್ಞಾನದ ಬಗ್ಗೆ ಬರೆದರು, ಮನೆಯಲ್ಲೇ ಪ್ರಯೋಗ ಮಾಡಿದರು. 1845ರಲ್ಲಿ ಫಿಜೋ ಎಂಬ ಗೆಳೆಯನೊಡನೆ ಸೂರ್ಯನ ಫೋಟೋ ತೆಗೆದರು.

ಒಮ್ಮೆ ಲೇತ್ ಮಷಿನ್‌ಗೆ ಸಿಕ್ಕಿಸಿದ್ದ ತೆಳು ಉಕ್ಕಿನ ಕಡ್ಡಿಯನ್ನು ಮೀಟಿ, ಮಷಿನ್ ತಿರುಗಿಸಿದರು. ಕಡ್ಡಿ ತಿರುಗಿದರೂ ಅದು ನಡುಗುವ ದಿಕ್ಕು ಬದಲಾಗಲಿಲ್ಲ! ಹಾಗಾದರೆ ಕೆಳಗೆ ಭೂಮಿಯೇ ತಿರುಗಿದರೂ ತೂಗುವ ಗುಂಡು ತನ್ನ ದಿಕ್ಕು ಬಿಡಬಾರದು ಎಂದು ಅವರು ಯೋಚಿಸಿದರು. 1851ರ ಜನವರಿಯಲ್ಲಿ ಮನೆಯ ನೆಲಮಾಳಿಗೆಯಲ್ಲಿ ಗುಂಡು ತೂಗುಹಾಕಿದರು. ಮೊದಲ ಸಲ ತಂತಿ ತುಂಡಾಯಿತು. ಕೆಲವೇ ದಿನಗಳಲ್ಲಿ ಎರಡನೇ ಸಲ ಗೆದ್ದರು. ಅದೇ ವರ್ಷ ಪ್ಯಾಂಥಿಯನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕೆ.ಜಿ. ಗುಂಡು ಕಟ್ಟಿ, ಭೂಮಿ ತಿರುಗುವುದನ್ನು ಜನರ ಕಣ್ಣಿಗೇ ತೋರಿಸಿದರು.

1852ರಲ್ಲಿ ವೇಗವಾಗಿ ತಿರುಗುವ ಚಕ್ರದಿಂದ ಅದೇ ಸತ್ಯ ತೋರಿಸಿ, ಆ ಯಂತ್ರಕ್ಕೆ ಗೈರೋಸ್ಕೋಪ್ ಎಂದು ಹೆಸರಿಟ್ಟರು. ನಾವು ಮನೆಯಲ್ಲಿ ಉರ್ದುವಿನಲ್ಲಿ ಲಟ್ಟು ಅನ್ನುವ, ಕನ್ನಡದಲ್ಲಿ ಬುಗುರಿ ಅನ್ನುವ ಆಟಿಕೆಯ ದೊಡ್ಡಣ್ಣ ಅದು.

ಈಗ ರಿಮೋಟಿಗೆ ಬರೋಣ. 2006ರಲ್ಲಿ ಬಂದ ನಿಂಟೆಂಡೊ ವೀ ರಿಮೋಟಿನ ಮುಂದೆ ಒಂದು ಕ್ಯಾಮೆರಾ ಇದೆ. ಟಿವಿಯ ಬಳಿಯ ಪಟ್ಟಿಯ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ದೀಪಗಳಿವೆ. ಅವನ್ನು ನೋಡಿ ಕ್ಯಾಮೆರಾ ಪಾಯಿಂಟರ್‌ನ ಜಾಗ ಹೇಳುತ್ತದೆ. ದೀಪ ಮರೆಯಾದರೆ ಪಾಯಿಂಟರ್ ಕಳೆದುಹೋಗುತ್ತದೆ. ಒಳಗಿನ ಇನ್ನೊಂದು ಚಿಪ್ ಭೂಮಿಯ ಸೆಳೆತದಿಂದ ಮೇಲೆ ಕೆಳಗೆ ಬಾಗಿದ್ದನ್ನು ತಿಳಿಯುತ್ತದೆ, ಎಡಕ್ಕೆ ಬಲಕ್ಕೆ ತಿರುಗಿದ್ದನ್ನು ಸರಿಯಾಗಿ ತಿಳಿಯಲಾರದು. ಆ ಕೊರತೆ ತುಂಬಲು 2009ರಲ್ಲಿ ಗೈರೋಸ್ಕೋಪ್ ಇರುವ ಮೋಷನ್ ಪ್ಲಸ್ ಬಂತು. ಆ ಚಿಪ್‌ನಲ್ಲಿ ಚಕ್ರವಿಲ್ಲ, ನಡುಗುವ ಸಣ್ಣ ತುಣುಕು ಇದೆ. ಅಂದರೆ ಲೇತ್‌ನಲ್ಲಿ ಫೂಕೊ ಕಂಡ ಕಡ್ಡಿಯೇ ಅದು!

ಗೈರೋಸ್ಕೋಪ್ ತಿರುಗುವ ವೇಗವನ್ನು ಕ್ಷಣಕ್ಷಣವೂ ಕೂಡಿಸುತ್ತಾ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ದಿನಕ್ಕೆ 1 ರೂಪಾಯಿ ತಪ್ಪಿದರೆ ವರ್ಷಕ್ಕೆ 365 ರೂಪಾಯಿ ತಪ್ಪುವಂತೆ, ಇಲ್ಲೂ ಸಣ್ಣ ತಪ್ಪು ಬೆಳೆದು ಪಾಯಿಂಟರ್ ತಾನೇ ಸರಿಯುತ್ತದೆ. ಆಗ ರಿಮೋಟನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟರೆ ಅದು ತನ್ನ ಸೊನ್ನೆಯನ್ನು ಮತ್ತೆ ಗುರುತಿಸಿಕೊಳ್ಳುತ್ತದೆ.

ಫೂಕೊ 1862ರಲ್ಲಿ ಬೆಳಕಿನ ವೇಗ ಸೆಕೆಂಡಿಗೆ 2,98,000 ಕಿ.ಮೀ. ಎಂದು ಅಳೆದರು. ಇಂದಿನ ಲೆಕ್ಕಕ್ಕೆ ಅದು ತೀರಾ ಹತ್ತಿರ. ಇಷ್ಟಾದರೂ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿದ್ದು 1865ರಲ್ಲಿ. ಮೂರೇ ವರ್ಷಕ್ಕೆ, 1868ರ ಫೆಬ್ರವರಿ 11ರಂದು, ಕಾಯಿಲೆಯಿಂದ ತೀರಿಕೊಂಡರು. ಆಗ ವಯಸ್ಸು 48. ಐಫೆಲ್ ಗೋಪುರದ ಮೇಲೆ ಅವರ ಹೆಸರು ಇಂದಿಗೂ ಇದೆ.

ಓದಿದ್ದು ಒಂದು, ಮಾಡಿದ್ದು ಇನ್ನೊಂದು. ಕಾಮರ್ಸಿನವರಿಗೆ ವಿಜ್ಞಾನ ಯಾಕೆ ಎಂದು ಕೇಳುವವರಿಗೆ ಫೂಕೊ ಅವರ ಬದುಕೇ ನನ್ನ ಉತ್ತರ.

ದೆಹಲಿಯ ಹೊಸ ಸಂಸತ್ ಭವನದಲ್ಲಿ ಫೂಕೊ ಲೋಲಕವಿದೆ. ಅಲ್ಲಿ ಅದರ ಒಂದು ಸುತ್ತಿಗೆ ಸುಮಾರು 50 ಗಂಟೆ ಬೇಕು. ಬಳ್ಳಾರಿ ಭೂಮಧ್ಯರೇಖೆಗೆ ಇನ್ನೂ ಹತ್ತಿರ, ಹಾಗಾಗಿ ನಾನು ಲೆಕ್ಕ ಹಾಕಿದಂತೆ ಇಲ್ಲಿ ಸುಮಾರು 92 ಗಂಟೆ. ಗಂಟೆಗೆ 4 ಡಿಗ್ರಿಯಷ್ಟು ತಿರುಗಿದರೂ ಕಣ್ಣಿಗೆ ಕಾಣುತ್ತದೆ. ಸೈನ್ಸ್ ವಿಭಾಗದ ಗೆಳೆಯರು ಕಾಲೇಜಿನ ಮೆಟ್ಟಿಲ ನಡುವಿನ ಖಾಲಿ ಜಾಗದಲ್ಲಿ ಒಂದು ಗುಂಡು ತೂಗುಹಾಕಿದರೆ, ಲೆಕ್ಕ ಬರೆಯಲು ನಾನು ಸಿದ್ಧ.