ತಂಬೂರಿ ರಿಪೇರಿ ಮಾಡ್ತಿದ್ದ ಉಸ್ತಾದರು

ಶುಕ್ರವಾರ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಕೆಲವರಿಗೆ ಹಬ್ಬ. ಹೊಸ ಆಂಬಿಯೆಂಟ್ ಆಲ್ಬಮ್, ಹೊಸ ಡಬ್, ಹೊಸ ಮೆಲೊಡಿಕ್ ಟೆಕ್ನೋ ಬಿಡುಗಡೆಯಾಗೋ ದಿನ ಅದು. ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋಕೆ ಇವೇ ಬೇಕು. ಮಾತಿಲ್ಲ, ಅವಸರವಿಲ್ಲ. ಕೆಳಗೆ ಒಂದೇ ಸ್ವರ ಎಳೆದುಕೊಂಡು ನಿಂತಿರುತ್ತದೆ, ಅದರ ಮೇಲೆ ಬೇರೆ ಸ್ವರಗಳು ನಿಧಾನಕ್ಕೆ ಬಂದು ಕರಗಿ ಹೋಗುತ್ತವೆ. ಇದೆಲ್ಲ ಬರ್ಲಿನ್ನಿನ ಸರಕು, ಲಂಡನ್ನಿನ ಸರಕು ಅಂತ ನಾವು ಅಂದುಕೊಂಡಿರ್ತೀವಿ. ಆದರೆ ಇದರ ಒಂದು ಬೇರು ಮೀರಜ್, ಧಾರವಾಡ, ಕುಂದಗೋಳದ ಮೇಲೆ ಹಾದು, ಅಸೂಟಿ ಇರೋ ನಮ್ಮ ರೋಣ ತಾಲೂಕಿನ ತನಕ ಬರ್ತದೆ. ಆ ಬೇರಿನ ಹೆಸರು ಉಸ್ತಾದ್ ಅಬ್ದುಲ್ ಕರೀಂ ಖಾನ್.

ಅವರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಸಣ್ಣ ಊರಿನಲ್ಲಿ. ಕಿರಾನಾ ಘರಾಣೆಗೆ ಹೆಸರು ಬಂದದ್ದೇ ಆ ಊರಿನಿಂದ. ಸಂಗೀತಗಾರರ ಮನೆತನ. ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್ ಇವರೇ ಗುರುಗಳು. ಹಾಡಿನ ಜೊತೆಗೆ ಸಾರಂಗಿ, ಬೀನ್ ಕೂಡ ಕೈಗೆ ಹತ್ತಿದವು. ಹರೆಯದಲ್ಲಿ ತಮ್ಮನ ಜೊತೆ ಬರೋಡಾ ಆಸ್ಥಾನ ಸೇರಿದರು. ಅಲ್ಲಿ ಸರದಾರರ ಮನೆಯ ಮಗಳು ತಾರಾಬಾಯಿ ಮಾನೆಯವರಿಗೆ ಸಂಗೀತ ಕಲಿಸುವಾಗ ಇಬ್ಬರಲ್ಲೂ ಪ್ರೀತಿ ಬೆಳೆಯಿತು. ಧರ್ಮ ಬೇರೆ, ಅಂತಸ್ತು ಬೇರೆ. ಆ ಕಾಲಕ್ಕೆ ಒಪ್ಪುವವರು ಯಾರು? ಇಬ್ಬರೂ ಬರೋಡಾ ಬಿಟ್ಟು ಮುಂಬಯಿಗೆ ಹೋದರು. ಆಸ್ಥಾನದ ಸಂಬಳ ಹೋಯಿತು. ಊರೂರು ತಿರುಗಿ ಕಛೇರಿ ಮಾಡುವ ಬದುಕು ಶುರುವಾಯಿತು.

ಆ ತಿರುಗಾಟವೇ ಅವರನ್ನು ನಮ್ಮ ಕಡೆ ತಂದದ್ದು. ಮೈಸೂರು ಆಸ್ಥಾನಕ್ಕೆ ಹೋಗಿ ಬರುವಾಗ ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಉಳಿಯುತ್ತಿದ್ದರು. ಕುಂದಗೋಳದ ಹುಡುಗ ರಾಮಭಾವು ಅವರ ಶಿಷ್ಯರಾದದ್ದು ಹೀಗೆ. ವರ್ಷಗಟ್ಟಲೆ ಕಲಿತ ಆ ಹುಡುಗನೇ ಮುಂದೆ ಸವಾಯಿ ಗಂಧರ್ವ ಆದರು. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಇಬ್ಬರಿಗೂ ಸವಾಯಿ ಗಂಧರ್ವರೇ ಗುರು.

ಮೈಸೂರಿನಲ್ಲಿ ಖಾನ್ ಸಾಹೇಬರು ಬರೀ ಹಾಡಿ ಬರಲಿಲ್ಲ, ಕಿವಿಗೊಟ್ಟು ಕೇಳಿ ಬಂದರು. ಕರ್ನಾಟಕ ಸಂಗೀತದ ಸ್ವರ ಹಾಕುವ ಪದ್ಧತಿ ಅವರ ಸರ್ಗಮ್‌ನೊಳಗೆ ಬಂತು. ಖರಹರಪ್ರಿಯದ ಒಂದು ತ್ಯಾಗರಾಜ ಕೃತಿಯನ್ನು ಹಾಡಿ ರೆಕಾರ್ಡನ್ನೂ ಮಾಡಿದರು. ಹಿಂದೂಸ್ತಾನಿ ಉಸ್ತಾದರೊಬ್ಬರು ಆ ಕಾಲದಲ್ಲಿ ಹೀಗೆ ಮಾಡೋದು ಸಣ್ಣ ಮಾತಲ್ಲ.

ಈಗ ನಮ್ಮ ಬ್ರಾಂಚಿನ ವಿಷಯಕ್ಕೆ ಬರೋಣ. ಖಾನ್ ಸಾಹೇಬರು ವಾದ್ಯ ರಿಪೇರಿಯಲ್ಲಿ ಪಳಗಿದ ಕೈ. ಪ್ರಯಾಣದಲ್ಲೂ ಸಲಕರಣೆ ಜೊತೆಗಿರುತ್ತಿದ್ದವು. ತಂಬೂರಿಯ ಗುಟ್ಟು ಇರೋದು ಅದರ ಕುದುರೆಯಲ್ಲಿ, ಅಂದ್ರೆ ತಂತಿ ಕೂರುವ ಪಟ್ಟಿಯಲ್ಲಿ. ಅದರ ಮೇಲ್ಮೈ ಚಪ್ಪಟೆ ಅಲ್ಲ, ಸ್ವಲ್ಪ ಬಾಗಿದ್ದು. ಕಂಪಿಸುವ ತಂತಿ ಆ ಇಳಿಜಾರನ್ನು ಸವರುತ್ತಾ ಮೇಲೇಳುತ್ತದೆ. ತಂತಿಯ ಕೆಳಗೆ ಒಂದು ನೂಲೆಳೆ ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸಪ್ಪೆ ನಾದ ಇದ್ದಕ್ಕಿದ್ದಂತೆ ಝೇಂಕರಿಸುತ್ತದೆ. ಇದಕ್ಕೆ ಜವಾರಿ ಅಂತಾರೆ. ಸಿಂಥಸೈಜರ್‌ನಲ್ಲಿ ನಾವು ಫಿಲ್ಟರ್ ತಿರುಗಿಸಿ ಹಾರ್ಮೋನಿಕ್ಸ್ ಒಂದೊಂದಾಗಿ ಅರಳೋ ಹಾಗೆ ಮಾಡ್ತೀವಲ್ಲ, ತಂಬೂರಿಯಲ್ಲಿ ಆ ಕೆಲಸವನ್ನು ನೂಲು ಮತ್ತು ಕುದುರೆ ಮಾಡುತ್ತವೆ. ಸಿ. ವಿ. ರಾಮನ್ 1921ರ ಹೊತ್ತಿಗೆ ವೀಣೆ, ತಂಬೂರಿಗಳನ್ನು ಪರೀಕ್ಷಿಸಿ ಒಂದು ವಿಚಿತ್ರ ತೋರಿಸಿಕೊಟ್ಟರು. ತಂತಿ ಮೀಟಿದ ಜಾಗದಲ್ಲಿ ಯಾವ ಹಾರ್ಮೋನಿಕ್‌ನ ನೋಡ್ ಇರುತ್ತದೋ ಆ ಹಾರ್ಮೋನಿಕ್ ಹುಟ್ಟಬಾರದು ಅನ್ನೋದು ಹಳೇ ನಿಯಮ. ಈ ವಾದ್ಯಗಳಲ್ಲಿ ಅದೂ ಕೇಳಿಸುತ್ತದೆ. ಕಾರಣ ಅದೇ ಬಾಗಿದ ಕುದುರೆ.

ಖಾನ್ ಸಾಹೇಬರ ಹಾಡಿಕೆಯೇ ಈ ನಾದದ ಮೇಲೆ ನಿಂತದ್ದು. ಎತ್ತರದ, ತೆಳುವಾದ, ಮೆತ್ತಗಿನ ದನಿ. ಅಬ್ಬರ ಕಮ್ಮಿ. ಒಂದು ಸ್ವರದ ಮೇಲೆ ನಿಂತರೆ ಅದು ತಂಬೂರಿಯೊಳಗೆ ಪೂರ್ತಿ ಕೂಡಿಕೊಳ್ಳುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ. ಷಡ್ಜ 240 ಹರ್ಟ್ಜ್ ಅಂತ ಇಟ್ಟುಕೊಂಡರೆ, ಶುದ್ಧ ಗಾಂಧಾರ 5/4 ಪ್ರಮಾಣದಲ್ಲಿ ಸರಿಯಾಗಿ 300. ಕೀಬೋರ್ಡಿನ ಗಾಂಧಾರ ಸುಮಾರು 302.4. ಬರೀ 2.4ರ ವ್ಯತ್ಯಾಸ ಅನ್ನಬಹುದು. ಆದರೆ ಷಡ್ಜದ ಐದನೇ ಹಾರ್ಮೋನಿಕ್ 1200, ಕೀಬೋರ್ಡ್ ಗಾಂಧಾರದ ನಾಲ್ಕನೆಯದು ಸುಮಾರು 1209.5. ಎರಡೂ ತಿಕ್ಕಾಡಿ ಸೆಕೆಂಡಿಗೆ ಒಂಬತ್ತು ಹತ್ತು ಬೀಟ್ಸ್ ಹುಟ್ಟುತ್ತವೆ. ತಂಬೂರಿ ಪಕ್ಕ ಕೂತು ಬೆಳೆದ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲು.

ಹಾಗಾಗಿಯೇ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಇಂಗ್ಲಿಷ್ ನ್ಯಾಯಾಧೀಶ ಕ್ಲೆಮೆಂಟ್ಸ್ ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟಾಗ ಅವರಿಗೆ ಆಸರೆಯಾದದ್ದು ಖಾನ್ ಸಾಹೇಬರ ಕಂಠ. ದೇವಲ್ ಅವರ ಪುಸ್ತಕ 1910ರಲ್ಲಿ ಬಂತು. ಶ್ರುತಿ ಹಾರ್ಮೋನಿಯಂ ಕೂಡ ತಯಾರಾಯಿತು. ಭಾತಖಂಡೆಯಂಥ ದೊಡ್ಡ ವಿದ್ವಾಂಸರು ಆ ಲೆಕ್ಕ ಒಪ್ಪಲಿಲ್ಲ, ಜಗಳ ಬಹಳ ದಿನ ನಡೆಯಿತು. ಏನೇ ಇರಲಿ, ಉಸ್ತಾದರು ವಿದ್ಯೆ ಬಚ್ಚಿಡುತ್ತಿದ್ದ ಆ ದಿನಗಳಲ್ಲಿ ಒಬ್ಬರು ತಮ್ಮ ಗಂಟಲನ್ನೇ ಅಳತೆಗೆ ಒಡ್ಡಿದ್ದು ದೊಡ್ಡದು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು ಮನೆತನದ ಹೊರಗಿನವರಿಗೂ ಕಲಿಸಿದರು.

ಆದರೆ ಮನೆ ಉಳಿಯಲಿಲ್ಲ. ತಾರಾಬಾಯಿ ಐದು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳ ಹೆಸರುಗಳೂ ಬದಲಾದವು. ಆ ಮಕ್ಕಳೇ ಮುಂದೆ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೆಕರ್, ಸರಸ್ವತಿಬಾಯಿ ರಾಣೆ ಎಂದು ಹೆಸರಾದರು. ಊರ ಮಕ್ಕಳಿಗೆಲ್ಲ ಕಲಿಸಿದ ತಂದೆಯ ಗಾಯನವನ್ನು ಹೀರಾಬಾಯಿ ಕಲಿತದ್ದು ಬಹುಪಾಲು ಬಂಧು ಅಬ್ದುಲ್ ವಹೀದ್ ಖಾನರಿಂದ. ಖಾನ್ ಸಾಹೇಬರು ಮೀರಜ್‌ನಲ್ಲಿ ನೆಲೆಸಿದರು. ತಂಬೂರಿ ಮಾಡುವವರ ಊರು, ಮೀರಾಸಾಹೇಬ ದರ್ಗಾದ ಊರು.

ಅವರ ಮೊದಲ ರೆಕಾರ್ಡುಗಳು 1905ರ ಸುಮಾರಿನವು. ಆಗ ಮೈಕ್ ಇರಲಿಲ್ಲ. ತಗಡಿನ ಕೊಳವೆಯೊಳಗೆ ಹಾಡಬೇಕು, ದನಿಯ ಒತ್ತಡದಿಂದಲೇ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ತಂಬೂರಿಯಂಥ ಮೆಲುದನಿ ಅದರಲ್ಲಿ ಹೆಚ್ಚುಕಡಿಮೆ ಸತ್ತೇ ಹೋಗುತ್ತಿತ್ತು. 1925ರಲ್ಲಿ ಮೈಕ್ ಮತ್ತು ಆಂಪ್ಲಿಫೈಯರ್ ಬಂದವು. 1930ರ ದಶಕದಲ್ಲಿ ಅವರು ಮತ್ತೆ ಹಾಡಿದಾಗ ಮೆತ್ತಗಿನ ದನಿಗೂ ಜಾಗ ಸಿಕ್ಕಿತು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟೇ. ಗಂಟೆಗಟ್ಟಲೆ ಹರಡುವ ರಾಗ ಅಷ್ಟರಲ್ಲೇ ಮುಗಿಯಬೇಕು. ಝಿಂಝೋಟಿಯ ಠುಮ್ರಿ ಕೇಳಿ ನೋಡಿ, ಅವಸರ ಎಲ್ಲೂ ಕಾಣೋದಿಲ್ಲ.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಅನ್ನೋ ಹುಡುಗ ಖಾನ್ ಸಾಹೇಬರ ರೆಕಾರ್ಡು ಕೇಳಿ ತಲೆ ಕೆಡಿಸಿಕೊಂಡು, ಹನ್ನೊಂದರ ವಯಸ್ಸಿಗೇ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಕತೆ. ಆ ಕಾಲದ ಹೊಸ ರಿಲೀಸ್ ಮಾಡಿದ ಕೆಲಸ ಅದು.

ಇನ್ನೊಂದು ದಾರಿ ಕಡಲು ದಾಟಿತು. ಅಬ್ದುಲ್ ವಹೀದ್ ಖಾನರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಅವರ ಶಿಷ್ಯರಾದರು. ಗಂಟೆಗಟ್ಟಲೆ ನಿಲ್ಲುವ ಸ್ವರಗಳನ್ನೇ ಸಂಗೀತ ಮಾಡಿದವರು ಯಂಗ್. ಖಾನ್ ಸಾಹೇಬರ ಹಳೇ ರೆಕಾರ್ಡು ಅಂದರೆ ಅವರಿಗೆ ಪ್ರಾಣ. ಯಂಗ್, ರೈಲಿಯವರಿಂದ ಪ್ರಭಾವಿತರಾದ ಬ್ರಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಕ್ಕೆಂದು ಒಂದು ಆಲ್ಬಮ್ ತಂದು, ಈ ಬಗೆಗೆ ಆಂಬಿಯೆಂಟ್ ಅಂತ ಹೆಸರಿಟ್ಟರು. ಡಬ್‌ನ ದಾರಿಯೇ ಬೇರೆ, ಅದು ಜಮೈಕಾದ್ದು. ಆದರೆ ಅಲ್ಲೂ ಮೂಲದಲ್ಲಿ ಒಬ್ಬ ರಿಪೇರಿಗಾರ ಇದ್ದಾನೆ. ರೇಡಿಯೋ ಸರಿಮಾಡುತ್ತಾ, ಟ್ರಾನ್ಸ್‌ಫಾರ್ಮರ್ ಸುತ್ತುತ್ತಾ ಇದ್ದ ಕಿಂಗ್ ಟಬ್ಬಿ ಹಾಡಿನಿಂದ ಮಾತು ತೆಗೆದು, ಪ್ರತಿಧ್ವನಿ ಸೇರಿಸಿ ಹೊಸ ಸಂಗೀತ ಮಾಡಿದ. ಇಬ್ಬರೂ ಉಪಕರಣ ಬಿಚ್ಚಿ ನೋಡಿದವರು.

1937ರ ಅಕ್ಟೋಬರ್ 27. ಖಾನ್ ಸಾಹೇಬರು ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆ ಹಿಡಿದಂತಾಯಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೇ ಹಾಸಿಗೆ ಬಿಡಿಸಿದರು. ನಮಾಜು ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತಲೇ ಕೊನೆಯುಸಿರೆಳೆದರು. ದೇಹ ಮೀರಜ್‌ಗೆ ಬಂತು. ದರ್ಗಾದ ಆವರಣದಲ್ಲಿ ಈಗಲೂ ವರ್ಷಕ್ಕೊಮ್ಮೆ ಅವರ ನೆನಪಿಗೆ ಹಾಡುತ್ತಾರೆ.

ಮುಂದಿನ ಶುಕ್ರವಾರ ಹೊಸ ಆಲ್ಬಮ್ ಹಾಕುವ ಮೊದಲು ಆ ಮೂರು ನಿಮಿಷದ ಝಿಂಝೋಟಿ ಹಾಕಿ. ಹೆಡ್‌ಫೋನಿನಲ್ಲಿ ಸರಪರ ಸದ್ದು ಬರ್ತದೆ, ರೆಕಾರ್ಡು ಸವೆದದ್ದು. ಅದರ ಹಿಂದೆ ದನಿಯನ್ನು ಹುಡುಕಿ, ಒಂದು ಸ್ವರ ಎಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ ಅಂತ ಎಣಿಸಿ.